ಕಲ್ಲಿನ ಮನೆಗೆ ದುಂಡು ಕಿಂಡಿ ಯಾಕೆ?

ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ಆಚೆ ಹಿರೇಬೆಣಕಲ್ ಅಂತ ಒಂದು ಊರಿದೆ. ಅಲ್ಲಿನ ಗುಡ್ಡ ಹತ್ತಿ, ಬಂಡೆ, ಮುಳ್ಳುಕಂಟಿ ದಾಟಿ ಹೋದರೆ ಮೇಲೆ ಇನ್ನೊಂದು ಊರು ಎದುರಾಗುತ್ತದೆ. ಪೂರ್ತಿ ಕಲ್ಲಿನ ಊರು. ಚಪ್ಪಡಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕಿಂತ ಜಾಸ್ತಿ. 20 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 50 ಎಕರೆ ಜಾಗದಲ್ಲಿ ಇಂಥ ಸುಮಾರು 400 ರಚನೆಗಳಿವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಕಟ್ಟಿದವು ಎಂದು ಅಂದಾಜು.

ಹತ್ತಿರ ಹೋಗಿ ನೋಡಿದರೆ ಕೆಲವು ಕೋಣೆಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಕಾಣುತ್ತದೆ. ಬಾಗಿಲು ಅನ್ನೋಣ ಅಂದರೆ ತೀರಾ ಚಿಕ್ಕದು. ಕಿಟಕಿ ಅನ್ನೋಣ ಅಂದರೆ ಒಳಗೆ ಯಾರೂ ವಾಸ ಮಾಡಿದಂತಿಲ್ಲ. ಗಟ್ಟಿ ಬೆಣಚುಕಲ್ಲಿನ ಚಪ್ಪಡಿಯನ್ನು ಕುಟ್ಟಿ ಕುಟ್ಟಿ ಇಷ್ಟು ದುಂಡಗೆ ತೂತು ಮಾಡಬೇಕಾದರೆ ಸುಮ್ನೆ ಮಾಡಿರಲಾರರು.

ಸುತ್ತಲಿನ ಹಳ್ಳಿಗಳವರ ಹತ್ತಿರ ಇದಕ್ಕೆ ಉತ್ತರ ಯಾವತ್ತೋ ಸಿದ್ಧವಿತ್ತು. ಇವು ಮೊರೇರ ಮನೆಗಳು. ಮೊರೇರು ಅಂದರೆ ಕುಳ್ಳರು, ಆದರೆ ಮಹಾ ಬಲಶಾಲಿಗಳು. ಕಿಂಡಿ ಚಿಕ್ಕದು, ಹಾಗಾಗಿ ಒಳಗೆ ಹೋಗುವವರು ಕುಳ್ಳರೇ ಇರಬೇಕು. ಚಪ್ಪಡಿ ಭಾರ, ಹಾಗಾಗಿ ಎತ್ತಿದವರು ಬಲಶಾಲಿಗಳೇ ಇರಬೇಕು. ಕತೆ ಅಂತ ನಗಬಹುದು. ಆದರೆ ಕಣ್ಣೆದುರಿನ ಎರಡು ಸಂಗತಿಗಳಿಗೆ ಒಟ್ಟಿಗೆ ಹೊಂದುವ ವಿವರಣೆ ಅದು. ಪುರಾತತ್ವದವರು ಮಾಡುವುದೂ ಅದನ್ನೇ ಅಲ್ವಾ? ಅವರ ಬಳಿ ಇನ್ನೊಂದಿಷ್ಟು ಸಂಗತಿಗಳು ಜಾಸ್ತಿ ಇರುತ್ತವೆ, ಅಷ್ಟೆ.

ಮೊರೇರು ಎಂಬ ಹೆಸರು ಕೇಳಿ ಕೆಲವರು ಮೌರ್ಯರನ್ನು ನೆನೆಯುತ್ತಾರೆ. ಅಶೋಕನ ಶಾಸನಗಳು ಇದೇ ಸೀಮೆಯಲ್ಲಿ ಸಿಕ್ಕಿರುವುದರಿಂದ ಆ ಆಸೆ ಸಹಜ. ಆದರೆ ಮೌರ್ಯರ ರಾಜ್ಯ ಶುರುವಾದದ್ದು ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಕಲ್ಲು ನಿಲ್ಲಿಸುವುದು ಶುರುವಾಗಿ ನೂರಾರು ವರ್ಷ ಕಳೆದಿತ್ತು.

ಪುಸ್ತಕದ ಭಾಷೆಯಲ್ಲಿ ಇವು ಬೃಹತ್ ಶಿಲಾ ಸಮಾಧಿಗಳು. ಇಂಗ್ಲಿಷಿನ ಮೆಗಾಲಿತ್ ಅನ್ನುವುದರ ಅರ್ಥವೂ ದೊಡ್ಡ ಕಲ್ಲು ಅಂತಲೇ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ನೆಲದ ಮೇಲೆ ಕಾಣುವ ಕಲ್ಲುಕೋಣೆ ಡಾಲ್ಮೆನ್. ಅದನ್ನೇ ನೆಲದೊಳಗೆ ಹೂತರೆ ಸಿಸ್ಟ್, ನಾವು ಕಲ್ಲುಪೆಟ್ಟಿಗೆ ಅನ್ನಬಹುದು. ಹಳ್ಳ ತೋಡಿ ಮುಚ್ಚಿ, ಮೇಲೆ ಕಲ್ಲಿನ ಗುಪ್ಪೆ ಹಾಕಿ, ಸುತ್ತ ಗುಂಡುಕಲ್ಲುಗಳ ಬಳೆ ಜೋಡಿಸಿದರೆ ಕಲ್ಲುವೃತ್ತ. ಒಂಟಿಯಾಗಿ ನೆಟ್ಟದ್ದು ನಿಲಸುಗಲ್ಲು. ದೊಡ್ಡ ಮಣ್ಣಿನ ಗುಡಾಣದಲ್ಲಿ ಎಲುಬು ತುಂಬಿ ಹೂತು, ಮೇಲೆ ಒಂದು ಕಲ್ಲೂ ಇಡದಿದ್ದರೂ ಅದನ್ನು ಇದೇ ಗುಂಪಿಗೆ ಸೇರಿಸುತ್ತಾರೆ. ಯಾಕೆಂದರೆ ಒಳಗಿನ ಸಾಮಾನು ಒಂದೇ ಬಗೆಯದು: ಕಪ್ಪು ಕೆಂಪು ಮಡಕೆ, ಕಬ್ಬಿಣದ ಆಯುಧ, ಕಲ್ಲುಮಣಿ.

ಸರಿ, ಕಿಂಡಿಗೆ ಬರೋಣ. ಹಿರೇಬೆಣಕಲ್ಲಿನಲ್ಲಿ ಒಂದು ತೊಡಕಿದೆ. ಅಲ್ಲಿನ ದೊಡ್ಡ ಕೋಣೆಗಳು ನೆಲದ ಮೇಲಿವೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಳೆ, ಗಾಳಿ, ನರಿ, ನಿಧಿ ಹುಡುಕುವವರು ಎಲ್ಲರೂ ಒಳಗೆ ಹೊಕ್ಕು ಬಂದಿದ್ದಾರೆ. ತೆರೆದಿಟ್ಟ ಪೆಟ್ಟಿಗೆಯಲ್ಲಿ ಏನಿತ್ತು ಅಂತ ಹೇಗೆ ಹೇಳುವುದು? ಮುಚ್ಚಿದ ಪೆಟ್ಟಿಗೆ ಬೇಕು. ಅದಕ್ಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು.

ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದರು. 1940ರ ದಶಕದ ಆರಂಭದಲ್ಲಿ ಮೈಸೂರಿನ ಎಂ. ಎಚ್. ಕೃಷ್ಣ ಅಲ್ಲಿ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಅವರು ಆಗ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರು. ಪದರ ಪದರವಾಗಿ ಅಗೆದು, ಪ್ರತಿ ಪದರವನ್ನೂ ಗುರುತಿಸಿ ದಾಖಲಿಸುವುದು ಅವರ ಪದ್ಧತಿ. ಬ್ರಹ್ಮಗಿರಿಯ ಸಮಾಧಿಗಳಿಗೂ ಅದೇ ಶಿಸ್ತು ಸಿಕ್ಕಿತು.

ಮೊದಲು ಆ ಕಲ್ಲುಪೆಟ್ಟಿಗೆ ಕಟ್ಟಿದ ಜಾಣತನ ನೋಡಿ. ನೆಲದಲ್ಲಿ ಹಳ್ಳ ತೋಡಿ, ತಳಕ್ಕೊಂದು ಚಪ್ಪಡಿ ಹಾಸಿ, ನಾಲ್ಕು ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಬೇಕು. ಗಾರೆ ಇಲ್ಲ, ಮೊಳೆ ಇಲ್ಲ. ಹೊರಗಿನಿಂದ ಮಣ್ಣು ತುಂಬಿದರೆ ಒತ್ತಡಕ್ಕೆ ಗೋಡೆ ಒಳಗೆ ಬೀಳಬೇಕು. ಬೀಳಲಿಲ್ಲ. ಯಾಕೆ? ರಟ್ಟಿನ ಡಬ್ಬದ ನಾಲ್ಕು ರೆಕ್ಕೆಗಳನ್ನು ಟೇಪ್ ಹಚ್ಚದೆ ಮುಚ್ಚುತ್ತೀರಲ್ಲ, ಒಂದರ ತುದಿ ಇನ್ನೊಂದರ ಕೆಳಗೆ ಸಿಕ್ಕಿಸಿ? ಹೆಚ್ಚುಕಡಿಮೆ ಅದೇ ಉಪಾಯ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಗೆ ಚಾಚಿರುತ್ತದೆ, ಇನ್ನೊಂದು ತುದಿ ಬೇರೊಂದಕ್ಕೆ ಆತುಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಮಣ್ಣು ಒತ್ತಿದಷ್ಟೂ ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿಯುತ್ತದೆ. ಸ್ವಸ್ತಿಕ ಅಂದ ತಕ್ಷಣ ಧಾರ್ಮಿಕ ಅರ್ಥ ಹುಡುಕುವವರಿದ್ದಾರೆ. ನನಗಂತೂ ಅದು ಕಲ್ಲುಕೆಲಸದವರ ತಲೆಯೋಟ ಅನ್ನಿಸುತ್ತದೆ.

ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ಇಲ್ಲೂ ಕಿಂಡಿಯಿದೆ. ಅಗಲ ಒಂದೂವರೆ, ಎರಡು ಅಡಿ. ಮೇಲಿನ ಮುಚ್ಚುಗಲ್ಲನ್ನು ಹತ್ತಾರು ಜನ ಸೇರದೆ ಕದಲಿಸಲಾಗದು. ಕಿಂಡಿಗೆ ಮುಚ್ಚಿದ ಕಲ್ಲನ್ನು ಸರಿಸಲು ಒಬ್ಬಿಬ್ಬರು ಸಾಕು.

ಒಳಗೆ ಸಿಕ್ಕ ಎಲುಬುಗಳೂ ವಿಚಿತ್ರವಾಗಿದ್ದವು. ಮಲಗಿಸಿದ ಪೂರ್ತಿ ದೇಹ ಇರಲಿಲ್ಲ. ತಲೆಬುರುಡೆ, ಕೈಕಾಲಿನ ಉದ್ದ ಎಲುಬು ಇಂಥವು ಇದ್ದವು, ಬೆರಳಿನ ಸಣ್ಣ ಮೂಳೆಗಳಂಥವು ಕಡಿಮೆ. ಅದೂ ಒಬ್ಬರದಲ್ಲ, ಒಂದೇ ಪೆಟ್ಟಿಗೆಯಲ್ಲಿ ಹಲವರವು. ಪಕ್ಕದಲ್ಲೇ ಇದ್ದ ಕಲ್ಲುವೃತ್ತಗಳ ಹಳ್ಳಗಳನ್ನು ಅಗೆದರೆ ಇನ್ನೊಂದು ಒಗಟು. ತಳದಲ್ಲಿ ನಾಲ್ಕು ಚಿಕ್ಕ ಚಪ್ಪಡಿ, ಮಂಚದ ನಾಲ್ಕು ಕಾಲಿಗೆ ಆಸರೆ ಕೊಟ್ಟ ಹಾಗೆ. ಮಡಕೆಗಳಿವೆ, ಕಬ್ಬಿಣವಿದೆ. ಎಲುಬೇ ಇಲ್ಲ.

ವೀಲರ್ ಈ ಎರಡನ್ನೂ ಜೋಡಿಸಿ ನೋಡಿದರು. ಸತ್ತವರನ್ನು ಮೊದಲು ಹಳ್ಳದಲ್ಲಿ ಒಂದು ಚಟ್ಟದ ಮೇಲೋ ಪೆಟ್ಟಿಗೆಯಲ್ಲೋ ಇಟ್ಟು, ಮಾಂಸ ಕರಗುವವರೆಗೆ ಕಾದಿರಬಹುದು. ಆಮೇಲೆ ಎಲುಬು ಆರಿಸಿ ತಂದು, ಕಿಂಡಿಯ ಮೂಲಕ ಕಲ್ಲುಪೆಟ್ಟಿಗೆಗೆ ಸೇರಿಸಿರಬಹುದು. ಆರಿಸಿ ತರುವಾಗ ದೊಡ್ಡ ಎಲುಬು ಬರುತ್ತವೆ, ಸಣ್ಣವು ಅಲ್ಲೇ ಉಳಿದು ಮಣ್ಣಾಗುತ್ತವೆ. ಇದು ಊಹೆ ಹೌದು, ಆದರೆ ಖಾಲಿ ಹಳ್ಳ, ಅರ್ಧಂಬರ್ಧ ಎಲುಬು, ಹಲವು ಜನ, ಚಿಕ್ಕ ಕಿಂಡಿ ನಾಲ್ಕಕ್ಕೂ ಒಂದೇ ಏಟಿಗೆ ಉತ್ತರ ಕೊಡುವ ಊಹೆ. ಕಿಂಡಿ ಜೀವಂತ ಮನುಷ್ಯರು ನುಸುಳಲು ಮಾಡಿದ್ದಲ್ಲ, ಎಲುಬಿನ ಗಂಟು ಒಳಗಿಡಲು. ಒಂದು ಸಲಕ್ಕಲ್ಲ, ಮನೆಯಲ್ಲಿ ಇನ್ನೊಬ್ಬರು ಹೋದಾಗ ಮತ್ತೊಮ್ಮೆ ತೆರೆಯಲು.

ಇದನ್ನು ಎರಡನೇ ಹಂತದ ಹೂಳುವಿಕೆ ಅನ್ನುತ್ತಾರೆ. ಕೇಳಲು ದೂರದ ವಿಷಯ ಅನ್ನಿಸಬಹುದು. ಆದರೆ ಒಂದೇ ದಿನಕ್ಕೆ ಸಾವಿನ ಕೆಲಸ ಮುಗಿಸದಿರುವುದು ನಮಗೂ ಗೊತ್ತಿರುವುದೇ. ಸುಟ್ಟ ಮೇಲೆ ಅಸ್ಥಿ ಆರಿಸುತ್ತಾರೆ, ಅದನ್ನು ಹೊಳೆಗೆ ಬಿಡಲು ಬೇರೆ ದಿನ, ಬೇರೆ ಊರು. ಹೂತವರ ಸಮಾಧಿಗೆ ಹೋಗಿ ಹಾಲುತುಪ್ಪ ಬಿಡುತ್ತಾರೆ. ಪಿತೃಪಕ್ಷದಲ್ಲಿ ಎಡೆ ಇಡುತ್ತಾರೆ. ಮೇಘಾಲಯದ ಖಾಸಿ ಜನರಲ್ಲಿ ಸುಟ್ಟ ಎಲುಬುಗಳನ್ನು ಆರಿಸಿ, ಕಾಲಾಂತರದಲ್ಲಿ ಕುಲದ ದೊಡ್ಡ ಕಲ್ಲುಗೂಡಿಗೆ ಸೇರಿಸುವ ಪದ್ಧತಿ ಇತ್ತು. ಅಲ್ಲಿನ ನಿಲಸುಗಲ್ಲುಗಳು ಇವತ್ತಿಗೂ ದಾರಿಬದಿಯಲ್ಲಿ ಕಾಣುತ್ತವೆ. ಇದರಿಂದ ಖಾಸಿಗಳೂ ಬ್ರಹ್ಮಗಿರಿಯವರೂ ಒಂದೇ ಜನ ಅಂತಲೋ, ನಮ್ಮ ಹಾಲುತುಪ್ಪ ಅಲ್ಲಿಂದಲೇ ಬಂತು ಅಂತಲೋ ಹೇಳಲು ಹೊರಟರೆ ಅದು ಅತಿಯಾಯಿತು. ಎಲುಬು ಆರಿಸಿ ಒಂದೆಡೆ ಸೇರಿಸುವುದು ಮನುಷ್ಯರು ಬೇರೆ ಬೇರೆ ಕಡೆ ಮಾಡಿದ ಕೆಲಸ ಅನ್ನುವಷ್ಟೇ ಇದರಿಂದ ತಿಳಿಯುವುದು.

ಎಲ್ಲ ಊರಲ್ಲೂ ಹೀಗೆಯೇ ಇತ್ತು ಅಂತಲೂ ಅಂದುಕೊಳ್ಳಬೇಡಿ. ಕೆಲವು ಕಡೆ ಇಡೀ ದೇಹವನ್ನೇ ಹೂಳುತ್ತಿದ್ದರು. ವೀಲರ್‌ಗಿಂತ ನೂರು ವರ್ಷ ಮೊದಲು ಇದನ್ನು ಕಂಡವರು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವರು. ಅಲ್ಲಿ ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಕೆಲಸದ ನಡುವೆ ರಾಜನಕೋಳೂರು, ಜೇವರ್ಗಿ ಸುತ್ತಮುತ್ತಲಿನ ಸಮಾಧಿಗಳನ್ನು ಅಗೆಸಿದರು. ಆ ಕಾಲದಲ್ಲಿ ಬಹಳ ಜನ ಹಳೇ ಗೋರಿ ಅಗೆಯುತ್ತಿದ್ದದ್ದು ಸಾಮಾನು ಎತ್ತಿಕೊಳ್ಳಲು. ಟೇಲರ್ ಮಾತ್ರ ಹಳ್ಳದ ಅಡ್ಡಕೊಯ್ತದ ಚಿತ್ರ ಬರೆದು, ಯಾವ ಪದರದಲ್ಲಿ ಏನಿತ್ತು ಅಂತ ತೋರಿಸಿದರು. ಆ ಚಿತ್ರಗಳನ್ನು ವೀಲರ್ ಮುಂದೆ ಬಾಯ್ತುಂಬ ಹೊಗಳಿದ್ದಾರೆ.

ಜೇವರ್ಗಿಯಲ್ಲಿ ಟೇಲರ್‌ಗೆ ತಲೆ ಬೇರೆ, ಮುಂಡ ಬೇರೆಯಾದ ಅಸ್ಥಿಪಂಜರಗಳು ಸಿಕ್ಕವು. ಅವರು ನರಬಲಿ ಇರಬಹುದು ಅಂದುಕೊಂಡರು. ಇವತ್ತಿನವರು ಅಷ್ಟು ಬೇಗ ಹಾಗೆನ್ನುವುದಿಲ್ಲ. ಎಲುಬನ್ನು ಆರಿಸಿ ಮತ್ತೆ ಜೋಡಿಸುವ ಪದ್ಧತಿ ಇದ್ದ ಜನರಲ್ಲಿ ತಲೆ ಬೇರೆಯಾಗಿ ಸಿಗಲು ಕತ್ತಿಯೇ ಬೇಕಿಲ್ಲ. ಕುತ್ತಿಗೆಯ ಮೂಳೆಯ ಮೇಲೆ ಕಡಿದ ಗುರುತಿದೆಯೇ ಅಂತ ಮೊದಲು ನೋಡಬೇಕು.

ಸತ್ತವರ ಜೊತೆ ಇಟ್ಟದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಮಡಕೆ. ಅದರಲ್ಲೂ ಒಳಗೆಲ್ಲ ಕಪ್ಪು, ಬಾಯಂಚು ಕಪ್ಪು, ಹೊರಮೈ ಕೆಂಪು ಇರುವ ನುಣುಪಾದ ಪಾತ್ರೆ. ಎರಡು ಬಣ್ಣ ಬಳಿದದ್ದಲ್ಲ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಚೆನ್ನಾಗಿ ಗಾಳಿಯಾಡಿದರೆ ಅದು ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆ ಕಟ್ಟಿಕೊಂಡರೆ ಕಪ್ಪಾಗುತ್ತದೆ. ಪಾತ್ರೆಯನ್ನು ಬೋರಲು ಹಾಕಿ, ಬಾಯಿ ಬೂದಿ ಹೊಟ್ಟಿನಲ್ಲಿ ಹೂತುಹೋಗುವ ಹಾಗೆ ಇಟ್ಟು ಸುಟ್ಟರೆ ಒಂದೇ ಬೆಂಕಿಯಲ್ಲಿ ಎರಡೂ ಆಗುತ್ತದೆ. ತಳ ದುಂಡಗಿರುವ ಮಡಕೆ ಉರುಳದಂತೆ ಕೂರಿಸಲು ಸುಟ್ಟ ಮಣ್ಣಿನ ಸಿಂಬಿಗಳನ್ನೂ ಸಮಾಧಿಯಲ್ಲಿ ಇಟ್ಟಿದ್ದಾರೆ. ಆ ಸಿಂಬಿ ನೋಡಿದಾಗ ನನಗೆ ಆಯುಧ, ಮಣಿಗಳಿಗಿಂತ ಹೆಚ್ಚು ಏನೋ ಅನ್ನಿಸುತ್ತದೆ. ಹೋದವರ ಗಡಿಗೆ ವಾಲಬಾರದು ಅಂತ ಯಾರೋ ಯೋಚನೆ ಮಾಡಿದ್ದಾರೆ.

ಕಬ್ಬಿಣದಲ್ಲಿ ಕುಡುಗೋಲು, ಕೊಡಲಿ, ಬಾಣದ ಮೊನೆ, ಚೂರಿ ಸಿಗುತ್ತವೆ. ಮಹಾರಾಷ್ಟ್ರದ ವಿದರ್ಭದ ಕಲ್ಲುವೃತ್ತಗಳಲ್ಲಿ ಕುದುರೆಯ ಎಲುಬು, ಬಾಯಿಗೆ ಹಾಕುವ ಕಡಿವಾಣವೂ ಸಿಕ್ಕಿವೆ.

ಇನ್ನು ಕಾಲದ ಪ್ರಶ್ನೆ. ಕಲ್ಲಿಗೆ ವಯಸ್ಸು ಹೇಳಿ ಪ್ರಯೋಜನವಿಲ್ಲ. ಆ ಬಂಡೆ ಕೋಟಿಗಟ್ಟಲೆ ವರ್ಷ ಹಳೆಯದು. ನಮಗೆ ಬೇಕಾದದ್ದು ಅದನ್ನು ಎತ್ತಿ ನಿಲ್ಲಿಸಿದ ದಿನ. ವೀಲರ್ ಹಿಡಿದದ್ದು ಮಡಕೆಯ ದಾರಿ. ಸಮಾಧಿಯಲ್ಲಿದ್ದಂಥ ಮಡಕೆಗಳು ಪಕ್ಕದ ಹಳೇ ಊರಿನ ದಿಬ್ಬದ ಒಂದು ಪದರದಲ್ಲೂ ಇದ್ದವು. ಅದರ ಮೇಲಿನ ಪದರದಲ್ಲಿ ಶಾತವಾಹನರ ಕಾಲದ ಮಡಕೆ ಇತ್ತು. ಆ ಮಡಕೆಗೆ ಕಾಲ ಗೊತ್ತಿತ್ತು. ಹೇಗೆಂದರೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ವೀಲರ್ 1945ರಲ್ಲಿ ಅಗೆದಾಗ ಆ ಕಾಲದ ಪದರಗಳಲ್ಲಿ ರೋಮ್ ಕಡೆಯಿಂದ ಬಂದ ಸಾಮಾನು ಸಿಕ್ಕಿತ್ತು, ರೋಮಿನ ಸಾಮಾನಿಗೆ ಇಸವಿ ತಿಳಿದಿತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ರಹ್ಮಗಿರಿಯ ಸಮಾಧಿಗಳು ಸುಮಾರು ಕ್ರಿ.ಪೂ. 200ರಿಂದ ಶುರು ಅಂದರು.

ತರ್ಕ ಚೆನ್ನಾಗಿತ್ತು, ಉತ್ತರ ತಪ್ಪಿತ್ತು. ಮೇಲಿನ ತುದಿ ಗಟ್ಟಿಯಾಗಿತ್ತು, ಕೆಳಗಿನ ತುದಿಯನ್ನು ಅಂದಾಜಿನ ಮೇಲೆ ಎಳೆದಿದ್ದರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದರು. ಅಲ್ಲಿ ಕಬ್ಬಿಣ ಮೊದಲು ಕಾಣಿಸಿಕೊಂಡ ಪದರದ ಇದ್ದಿಲನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಕೊಟ್ಟಾಗ ಬಂದ ಕಾಲ ಕ್ರಿ.ಪೂ. 1000ದ ಆಸುಪಾಸು. ಮರ ಬದುಕಿರುವಾಗ ಗಾಳಿಯಿಂದ ಒಂದು ಬಗೆಯ ಇಂಗಾಲ ಒಳಗೆ ಸೇರುತ್ತದೆ. ಕಡಿದ ಮೇಲೆ ಅದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದರೆ ಎಷ್ಟು ಕಾಲವಾಯಿತು ಅಂತ ತಿಳಿಯುತ್ತದೆ. ಹೀಗೆ ಒಂದು ಹಿಡಿ ಇದ್ದಿಲು ದಕ್ಷಿಣದ ಕಬ್ಬಿಣದ ಕಾಲವನ್ನು ನೂರಾರು ವರ್ಷ ಹಿಂದಕ್ಕೆ ತಳ್ಳಿತು.

ಇದ್ದಿಲು ಸಿಗದಿದ್ದರೆ ಮಡಕೆಯನ್ನೇ ಕೇಳಬಹುದು. ಜೇಡಿಮಣ್ಣಿನಲ್ಲಿರುವ ಮರಳಿನ ಹರಳುಗಳು ಸುತ್ತಲಿನ ಮಣ್ಣಿನ ವಿಕಿರಣವನ್ನು ಚೂರುಚೂರೇ ಕೂಡಿಡುತ್ತವೆ. ಮಡಕೆ ಸುಟ್ಟ ದಿನ ಆ ಲೆಕ್ಕ ಸೊನ್ನೆಗೆ ಬರುತ್ತದೆ, ಮರುದಿನದಿಂದ ಮತ್ತೆ ಶುರು. ಲ್ಯಾಬಿನಲ್ಲಿ ಚೂರನ್ನು ಬಿಸಿ ಮಾಡಿದರೆ ಕೂಡಿಟ್ಟದ್ದೆಲ್ಲ ಮಂದ ಬೆಳಕಾಗಿ ಹೊರಬರುತ್ತದೆ. ಬೆಳಕು ಜಾಸ್ತಿ ಇದ್ದಷ್ಟೂ ಮಡಕೆ ಹಳೆಯದು. ಕೊಮಾರನಹಳ್ಳಿಯ ಸಮಾಧಿಗಳಿಗೆ ಸಂಬಂಧಿಸಿದ ಚೂರುಗಳನ್ನು ಹೀಗೆ ನೋಡಿದಾಗ ಹಳ್ಳೂರಿಗಿಂತಲೂ ಹಿಂದಿನ ಕಾಲ ಬಂತು.

ಚಪ್ಪಡಿ ತಂದದ್ದು ಎಲ್ಲಿಂದ? ಹಿರೇಬೆಣಕಲ್ಲಿನ ಮಟ್ಟಿಗೆ ಉತ್ತರ ಕಾಲಕೆಳಗೇ ಇದೆ. ಈ ಸೀಮೆಯ ಬೆಣಚುಬಂಡೆ ಬಿಸಿಲುಮಳೆಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಬಿರುಕಿಗೆ ಮೀಟು ಹಾಕಿದರೆ ಚಪ್ಪಡಿ ಏಳುತ್ತದೆ, ಅಂಚನ್ನು ಕುಟ್ಟಿ ಸರಿ ಮಾಡಿಕೊಳ್ಳಬಹುದು. ಸಮಾಧಿಗಳ ನಡುವೆಯೇ ನೀರು ನಿಲ್ಲುವ ಒಂದು ಹೊಂಡವಿದೆ. ಕಲ್ಲು ತೆಗೆದ ಜಾಗವೇ ಕೆರೆಯಾಗಿದೆ ಅನ್ನುತ್ತಾರೆ. ಇಲ್ಲೇ ಎತ್ತರದ ಬಂಡೆಯ ಮೇಲೆ ಅರ್ಧಗೋಲದಂಥ ಒಂದು ದೊಡ್ಡ ಕಲ್ಲಿದೆ. ಬಡಿದರೆ ನಗಾರಿಯಂತೆ ದೂರದವರೆಗೂ ಕೇಳಿಸುತ್ತದೆ.

ಈಗ ಒಂದು ಸಣ್ಣ ಲೆಕ್ಕ. 400 ಸಮಾಧಿ, 600 ವರ್ಷ. ಮೂರು ವರ್ಷಕ್ಕೆ ಬರೀ ಎರಡು ಅಂದ ಹಾಗಾಯಿತು. ಎಷ್ಟೋ ಬಿದ್ದು ಹಾಳಾಗಿರಬಹುದು, ಒಂದೊಂದರಲ್ಲಿ ಹಲವರು ಇದ್ದಿರಬಹುದು. ಆದರೂ ಸುತ್ತಲಿನ ಊರುಗಳಲ್ಲಿ ಸತ್ತವರೆಲ್ಲರಿಗೂ ಕಲ್ಲುಮನೆ ಸಿಗಲಿಲ್ಲ ಅನ್ನುವುದು ಸ್ಪಷ್ಟ. ಯಾರಿಗೆ ಆಳೆತ್ತರದ ಕೋಣೆ, ಯಾರಿಗೆ ಮೊಣಕಾಲೆತ್ತರದ್ದು, ಯಾರಿಗೆ ಏನೂ ಇಲ್ಲ? ಟನ್ನುಗಟ್ಟಲೆ ಕಲ್ಲೆತ್ತಲು ಜನ ಸೇರಿಸಬೇಕು, ಸೇರಿದವರಿಗೆ ಊಟ ಹಾಕಬೇಕು. ಅದನ್ನು ಮಾಡಬಲ್ಲ ಮನೆತನ ಮತ್ತು ಮಾಡಲಾಗದ ಮನೆತನ ಅನ್ನುವ ಅಂತರ ಆಗಲೇ ಬಂದಿತ್ತು ಅಂತ ಇದನ್ನು ಓದುವವರಿದ್ದಾರೆ. ಅದಕ್ಕೆ ಹಿಂದಿನ ನವಶಿಲಾಯುಗದಲ್ಲಿ ತೆಕ್ಕಲಕೋಟೆಯಂಥ ಊರುಗಳಲ್ಲಿ ಸತ್ತವರನ್ನು ಮನೆಗಳ ನಡುವೆಯೇ ಹೂಳುತ್ತಿದ್ದರು, ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅಲ್ಲಿಂದ ಊರ ಹೊರಗೆ, ಎಲ್ಲರ ಕಣ್ಣಿಗೂ ಬೀಳುವ ಗುಡ್ಡದ ಮೇಲೆ ಬಂದು ನಿಂತದ್ದು ದೊಡ್ಡ ಬದಲಾವಣೆ.

ಕಂಡ ಕಲ್ಲೆಲ್ಲ ಗೋರಿಯಲ್ಲ ಅನ್ನುವುದನ್ನೂ ಹೇಳಬೇಕು. ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲುಸಾಲಾಗಿ, ಚೌಕುಳಿಯ ಹಾಗೆ ಇಟ್ಟಿದ್ದಾರೆ. ಮಲೆನಾಡಿನ ಹೊಸನಗರ ಸೀಮೆಯ ನಿಲಸ್ಕಲ್‌ನಲ್ಲಿ ಎತ್ತರದ ನಿಲಸುಗಲ್ಲುಗಳಿವೆ. ಊರಿನ ಹೆಸರೇ ಅದರಿಂದ ಬಂದದ್ದು. ಅಲ್ಲಿ ಕೆಲವು ಕಲ್ಲುಗಳ ಜೋಡಿ, ಹಗಲು ಅತಿ ಉದ್ದ ಅಥವಾ ಅತಿ ಗಿಡ್ಡ ಇರುವ ದಿನಗಳ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಸರಿಯಾಗಿ ನಿಂತಿವೆ ಎಂದು ಅಳೆದವರು ಹೇಳಿದ್ದಾರೆ. ಇನ್ನು ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ವಾಲಿಯನ್ನು ಸುಟ್ಟ ಬೂದಿ ಅಂತ ಜನ ಅದನ್ನು ನಂಬುತ್ತಾರೆ. ಬಳ್ಳಾರಿ, ರಾಯಚೂರು ಕಡೆಯ ಇಂಥ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ ಎಂದು ಪರೀಕ್ಷೆಗಳು ತೋರಿಸಿವೆ. ಚಿತೆಯಲ್ಲ, ದೊಡ್ಡಿ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅದರಿಂದ ನೋಡಲು ಹೋಗುವವರು ಜಾಸ್ತಿಯಾದರೆ ಒಳ್ಳೆಯದೇ. ಆದರೆ ರಾಜ್ಯದ ಉದ್ದಗಲಕ್ಕೂ ಇಂಥ ಸಮಾಧಿಗಳಿವೆ, ಬಹಳಷ್ಟಕ್ಕೆ ಬೇಲಿಯೂ ಇಲ್ಲ, ಫಲಕವೂ ಇಲ್ಲ. ಕಲ್ಲುಗಣಿಯವರು ಕೆಲವನ್ನು ಒಡೆದರು, ಹೊಲ ಸಮ ಮಾಡುವಾಗ ಕೆಲವು ಹೋದವು. ಉಳಿದವಕ್ಕೆ ನಿಧಿಗಳ್ಳರ ಕಾಟ. ಅಮಾವಾಸ್ಯೆ ರಾತ್ರಿ ಬಂದು ಮುಚ್ಚುಗಲ್ಲು ಉರುಳಿಸಿ, ತಳ ಕೆದಕುತ್ತಾರೆ. ಅವರಿಗೆ ಸಿಗುವುದು ಸಾಮಾನ್ಯವಾಗಿ ತುಕ್ಕು ಹಿಡಿದ ಕುಡುಗೋಲು, ಒಡೆದ ಮಡಕೆ, ಎಲುಬಿನ ಪುಡಿ. ಸಿಟ್ಟಿನಲ್ಲಿ ಎಲ್ಲವನ್ನೂ ಹೊರಗೆಸೆದು ಹೋಗುತ್ತಾರೆ. ಕುಡುಗೋಲನ್ನು ಬೇಕಾದರೆ ಮ್ಯೂಸಿಯಂಗೆ ತಂದಿಡಬಹುದು. ಅದು ಎಲುಬಿನ ಪಕ್ಕದಲ್ಲಿತ್ತೋ, ಮಡಕೆಯ ಕೆಳಗಿತ್ತೋ, ಮುಚ್ಚುಗಲ್ಲು ಹಾಕುವ ಮೊದಲು ಇಟ್ಟದ್ದೋ, ಆಮೇಲೊಂದು ದಿನ ಯಾರೋ ಕಿಂಡಿಯಿಂದ ಕೈ ಚಾಚಿ ಇಟ್ಟದ್ದೋ ಅಂತ ಇನ್ನು ಯಾರೂ ಹೇಳಲಾರರು.